ಮಾಸುವ ಕಲೆ, ತಾಯಿ ಕಾರ್ಡಿನಲ್ಲಿ ಉಳಿಯಬೇಕಾದ ಸಾಲು: ಉಡುಪಿ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೆ,
ಉಡುಪಿ ಜಿಲ್ಲೆ.

ಮಾನ್ಯರೇ,

ನಾನು ಬ್ರಹ್ಮಾವರದ ಸಮೀಪದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳು. ಮೂರು ವರ್ಷಗಳ ಹಿಂದೆ ನನ್ನ ಮೊಮ್ಮಗಳ ಮುಖದ ಮೇಲೆ ಕಾಣಿಸಿಕೊಂಡು, ಏಳು ತಿಂಗಳಾಗುವಷ್ಟರಲ್ಲಿ ಹೇಳಹೆಸರಿಲ್ಲದಂತೆ ಹೋದ ಕೆಂಪು ಉಂಗುರಗಳ ಕುರಿತು ಈ ಪತ್ರ ಬರೆಯುತ್ತಿದ್ದೇನೆ. ಮಾಸಿಹೋದ ಕಲೆಯ ಬಗ್ಗೆ ಇಷ್ಟು ವರ್ಷಗಳ ಮೇಲೆ ಪತ್ರ ಏಕೆ ಎಂದು ತಾವು ಕೇಳಬಹುದು. ಅದು ಮಾಸಿಹೋಗುವ ಕಲೆಯಾದ್ದರಿಂದಲೇ ಬರೆಯಬೇಕಾಗಿದೆ. ಮಗುವಿನ ಚರ್ಮದ ಮೇಲೆ ಕೆಲವು ತಿಂಗಳು ಮಾತ್ರ ಕಾಣುವ ಆ ಗುರುತು ನಿಜವಾಗಿ ತಾಯಿಯ ರಕ್ತದಲ್ಲಿರುವ ಒಂದು ವಿಷಯವನ್ನು ತಿಳಿಸಲು ಬಂದಿರುತ್ತದೆ. ಅದನ್ನು ಯಾರೂ ಓದಿ ಬರೆದಿಡದಿದ್ದರೆ ಮುಂದಿನ ಗರ್ಭದಲ್ಲಿರುವ ಮಗುವಿನ ಹೃದಯ ಅಪಾಯಕ್ಕೆ ಸಿಲುಕಿದಾಗ ಎಚ್ಚರಿಸುವವರು ಯಾರೂ ಇರುವುದಿಲ್ಲ.

ನಡೆದದ್ದನ್ನು ಮೊದಲು ಹೇಳುತ್ತೇನೆ. ಮಗಳು ಚೊಚ್ಚಲ ಹೆರಿಗೆಗೆಂದು ಮುಂಬೈಯಿಂದ ತವರಿಗೆ ಬಂದಿದ್ದಳು. ಹೆರಿಗೆ ಸುಸೂತ್ರವಾಗಿ ಆಯಿತು. ಮೂರನೆಯ ದಿನ ಮಗುವಿಗೆ ಕಾಮಾಲೆ ಕಂಡಿತೆಂದು ಎರಡು ದಿನ ನೀಲಿ ಬೆಳಕಿನ ಕೆಳಗೆ ಮಲಗಿಸಿದರು. ಮನೆಗೆ ಬಂದ ಮೇಲೆ, ನಮ್ಮಲ್ಲಿ ತಲೆತಲಾಂತರದಿಂದ ನಡೆದುಬಂದ ಹಾಗೆ, ತೆಂಗಿನೆಣ್ಣೆ ಹಚ್ಚಿ ಮೀಯಿಸುವ ಮೊದಲು ದಿನಾ ಬೆಳಿಗ್ಗೆ ಅರ್ಧ ಗಂಟೆ ಮಗುವನ್ನು ಅಂಗಳದ ಎಳೆಬಿಸಿಲಿನಲ್ಲಿ ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದವಳು ನಾನೇ. ಮೂರನೆಯ ವಾರದ ಕೊನೆಗೆ ಮಗುವಿನ ಎರಡು ಕಣ್ಣುಗಳ ಸುತ್ತ ಕನ್ನಡಕ ಹಾಕಿದಂತೆ ಕೆಂಪು ಹರಡಿತು. ಹಣೆ ಮತ್ತು ನೆತ್ತಿಯ ಮೇಲೆ ನಾಣ್ಯದಷ್ಟಗಲದ ಉಂಗುರಗಳು ಎದ್ದವು. ಅವುಗಳ ಅಂಚು ಕೆಂಪಾಗಿ ಸ್ವಲ್ಪ ಉಬ್ಬಿತ್ತು, ಮೇಲೆ ತೆಳ್ಳಗೆ ಹೊಟ್ಟು ಏಳುತ್ತಿತ್ತು, ನಡುವೆ ಚರ್ಮ ಸ್ವಚ್ಛವಾಗಿತ್ತು. ನೋಡಿದವರೆಲ್ಲ ಗಜಕರ್ಣ ಎಂದರು. ಮೊದಲು ತೋರಿಸಿದ ಕ್ಲಿನಿಕ್ಕಿನಲ್ಲೂ ಅದನ್ನೇ ಹೇಳಿ ಶಿಲೀಂಧ್ರದ ಮುಲಾಮು ಬರೆದುಕೊಟ್ಟರು. ಗುಣವಾಗದಿದ್ದಾಗ ಇನ್ನೊಂದು ಕಡೆ ಹಾಲಿನ ಅಲರ್ಜಿ ಇರಬಹುದೆಂದು ಹೇಳಿ ಒಂದು ವಾರ ಎದೆಹಾಲು ನಿಲ್ಲಿಸಿ ನೋಡಲು ತಿಳಿಸಿದರು. ಪೇಟೆಯ ಮೆಡಿಕಲ್ ಶಾಪಿನಲ್ಲಿ ಚೀಟಿಯನ್ನೇ ಕೇಳದೆ ಕೊಟ್ಟ ಟ್ಯೂಬಿನಲ್ಲಿ ಶಿಲೀಂಧ್ರದ ಮದ್ದು, ಕೀವಿನ ಮದ್ದು ಮತ್ತು ಬಹಳ ತೀಕ್ಷ್ಣವಾದ ಸ್ಟೀರಾಯ್ಡ್ ಮೂರೂ ಬೆರೆತಿದ್ದವು ಎಂಬುದು ನನಗೆ ತಿಳಿದದ್ದು ಆಮೇಲೆ. ಅಂಥ ಸ್ಟೀರಾಯ್ಡ್ ಮುಲಾಮುಗಳು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಷೆಡ್ಯೂಲ್ ಎಚ್ ಔಷಧಿಗಳು. ಒಂದು ತಿಂಗಳ ಮಗುವಿನ ಕಣ್ಣಿನ ಸುತ್ತ ಹಚ್ಚಲೆಂದೇ ಹೇಳಿ ನಾವು ಅದನ್ನು ಕೇಳಿದ್ದೆವು, ಅವರು ಕೊಟ್ಟಿದ್ದರು.

ಅಷ್ಟರಲ್ಲಿ ಮನೆಯೊಳಗೆ ಬೇರೆ ಮಾತು ಶುರುವಾಗಿತ್ತು. ತುಳುನಾಡಿನಲ್ಲಿ ಚರ್ಮದ ಮೇಲೆ ಏನೇ ಎದ್ದರೂ ನಾಗನ ಕಡೆಗೆ ದೃಷ್ಟಿ ಹೋಗುವುದು ತಮಗೂ ಗೊತ್ತಿರುವುದೇ. ಜ್ಯೋತಿಷಿಯ ಬಳಿ ಪ್ರಶ್ನೆ ಇಟ್ಟದ್ದಾಯಿತು, ಕುಟುಂಬದ ನಾಗಬನದಲ್ಲಿ ತಂಬಿಲದ ಪೂಜೆ ಕೊಟ್ಟದ್ದಾಯಿತು. ಅದಕ್ಕಾಗಿ ನನಗೆ ಪಶ್ಚಾತ್ತಾಪವಿಲ್ಲ, ಹರಕೆ ಸಲ್ಲಿಸಿದ ದಿನ ಮನೆಯವರೆಲ್ಲರ ಮನಸ್ಸು ಸ್ವಲ್ಪ ಹಗುರವಾಗಿತ್ತು. ನನ್ನನ್ನು ಇಂದಿಗೂ ಬಾಧಿಸುವುದು ಮಗಳು ಆ ವಾರಗಳಲ್ಲಿ ಕೇಳಿದ ಮಾತುಗಳು. ಬಾಣಂತಿ ಬಾಯಿಕಟ್ಟಲಿಲ್ಲ, ನಂಜಿನ ಮೀನು ತಿಂದಳು, ಗ್ರಹಣದ ದಿನ ಹೊರಗೆ ಬಂದಿದ್ದಳು ಎಂದು ಒಬ್ಬೊಬ್ಬರು ಒಂದೊಂದು ಹೇಳಿದರು. ಅವುಗಳಲ್ಲಿ ನಂಜಿನ ಮಾತನ್ನು ಆಡಿದವಳು ನಾನು. ಅವಳು ಎದುರು ಮಾತನಾಡದೆ ಗಂಜಿ ಮತ್ತು ಕರಿಮೆಣಸಿನ ಸಾರಿನಲ್ಲಿ ದಿನ ಕಳೆದಳು. ಒಂದು ವಾರ ಎದೆಹಾಲು ಹಿಂಡಿ ಚೆಲ್ಲಿದಳು.

ಆರನೆಯ ವಾರದಲ್ಲಿ ಮಂಗಳೂರಿನ ಒಬ್ಬ ಚರ್ಮವೈದ್ಯೆಯ ಬಳಿಗೆ ಹೋದೆವು. ಅವರು ಮಗುವನ್ನು ನೋಡಿದ ಮೇಲೆ ಕುರ್ಚಿ ತಿರುಗಿಸಿ ತಾಯಿಯನ್ನು ಪ್ರಶ್ನಿಸತೊಡಗಿದಾಗ ನನಗೆ ಆಶ್ಚರ್ಯವಾಯಿತು. ಕಣ್ಣಿನಲ್ಲಿ ಮರಳು ಬಿದ್ದ ಹಾಗೆ ಉರಿಯುತ್ತದೆಯೇ, ನೀರು ಕುಡಿಯದೆ ಅವಲಕ್ಕಿಯಂಥ ಒಣ ತಿಂಡಿ ನುಂಗಲು ಆಗುತ್ತದೆಯೇ, ಬೆಳಿಗ್ಗೆ ಎದ್ದಾಗ ಬೆರಳಿನ ಗಂಟುಗಳು ಬಿಗಿಯಾಗಿರುತ್ತವೆಯೇ, ಬಿಸಿಲಿಗೆ ಹೋದರೆ ಮುಖ ಕೆಂಪಾಗುತ್ತದೆಯೇ ಎಂದು ಒಂದೊಂದಾಗಿ ಕೇಳಿದರು. ಕಣ್ಣುರಿ ಇದೆ, ಕಂಪ್ಯೂಟರ್ ಕೆಲಸದಿಂದ ಇರಬೇಕೆಂದು ತಿಳಿದಿದ್ದೆ ಎಂದಳು ಮಗಳು. ತಾಯಿ ಮತ್ತು ಮಗು ಇಬ್ಬರ ರಕ್ತವನ್ನೂ ಪರೀಕ್ಷೆಗೆ ಕಳುಹಿಸಿದರು. ಮಗುವಿಗೆ ಅದೇ ದಿನ ಇಸಿಜಿ ಮಾಡಿಸಿದರು. ಪ್ಲೇಟ್‌ಲೆಟ್ ಎಣಿಕೆ ಮತ್ತು ಯಕೃತ್ತಿನ ಪರೀಕ್ಷೆಗಳನ್ನೂ ಬಿಡಲಿಲ್ಲ, ಏಕೆಂದರೆ ಈ ಕಾಯಿಲೆ ಚರ್ಮದ ಜೊತೆಗೆ ರಕ್ತಕಣಗಳನ್ನೂ ಯಕೃತ್ತನ್ನೂ ಕೆಲವೊಮ್ಮೆ ಮುಟ್ಟುತ್ತದೆ. ನಮ್ಮ ಪುಣ್ಯ, ಹೃದಯ ಸರಿಯಿತ್ತು. ಇಬ್ಬರ ರಕ್ತದಲ್ಲೂ ಆ್ಯಂಟಿ ರೋ ಎಂಬ ಪ್ರತಿಕಾಯ ಸಿಕ್ಕಿತು. ಮಗುವಿನ ಕಾಯಿಲೆಗೆ ನವಜಾತ ಲೂಪಸ್ ಎಂದು ಹೆಸರು. ಲೂಪಸ್ ಎಂದರೆ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಅಂಗಗಳ ಮೇಲೆ ತಿರುಗಿಬೀಳುವ ಕಾಯಿಲೆ.

ಆ ಹೆಸರು ಕೇಳಿ ಮನೆಯಲ್ಲಿ ಎಲ್ಲರೂ ಹೆದರಿದೆವು. ವೈದ್ಯೆ ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದ್ದನ್ನು, ಆಮೇಲೆ ನಾನಾಗಿ ಓದಿ ತಿಳಿದುಕೊಂಡದ್ದನ್ನು ಸೇರಿಸಿ ನಾನೊಬ್ಬ ಶಿಕ್ಷಕಿಯಾಗಿ ಹೀಗೆ ಹೇಳಬಲ್ಲೆ. ಗರ್ಭಿಣಿಗೆ ಟಿಡಿ ಚುಚ್ಚುಮದ್ದು ಕೊಟ್ಟಾಗ ಅವಳ ದೇಹದಲ್ಲಿ ಧನುರ್ವಾಯುವಿನ ವಿರುದ್ಧ ಪ್ರತಿಕಾಯಗಳು ಹುಟ್ಟುತ್ತವೆ, ಅವು ಮಾಸಿನ, ಅಂದರೆ ಪ್ಲಾಸೆಂಟಾದ, ಮೂಲಕ ಮಗುವಿಗೆ ದಾಟಿ ಹುಟ್ಟಿದ ಮೊದಲ ತಿಂಗಳುಗಳಲ್ಲಿ ಅದನ್ನು ಕಾಯುತ್ತವೆ. ತಾಯಿ ಮಗುವಿಗೆ ಬುತ್ತಿ ಕಟ್ಟಿ ಕಳುಹಿಸುವ ದಾರಿ ಅದು. ಕೆಲವು ತಾಯಂದಿರ ದೇಹದಲ್ಲಿ ಮಾತ್ರ, ರೋಗಾಣುವಿನ ಬದಲು ತನ್ನದೇ ಜೀವಕೋಶದ ಪ್ರೋಟೀನುಗಳ ಮೇಲೆ ತಿರುಗಿಬೀಳುವ ಪ್ರತಿಕಾಯಗಳೂ ಇರುತ್ತವೆ. ಆ್ಯಂಟಿ ರೋ ಅಂಥದ್ದೊಂದು. ದೇಹ ಹೀಗೆ ತನ್ನ ಮೇಲೆಯೇ ತಿರುಗಿಬೀಳುವುದರಿಂದ ಬರುವ ಕಾಯಿಲೆಗಳನ್ನು ಆಟೊಇಮ್ಯೂನ್ ಅಥವಾ ಸ್ವಯಂ ಪ್ರತಿರಕ್ಷಣಾ ಕಾಯಿಲೆಗಳು ಎನ್ನುತ್ತಾರೆ. ಮಾಸಿಗೆ ಇದು ಒಳ್ಳೆಯದು, ಅದು ಕೆಟ್ಟದು ಎಂಬ ಭೇದ ತಿಳಿಯದು, ಎರಡನ್ನೂ ದಾಟಿಸುತ್ತದೆ. ಮಗು ಹುಟ್ಟಿದ ಮೇಲೆ ಹೊಸ ಪ್ರತಿಕಾಯ ಬರುವುದು ನಿಲ್ಲುತ್ತದೆ. ಇದ್ದದ್ದು ಸುಮಾರು ಮೂರು ವಾರಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತಾ ಆರರಿಂದ ಎಂಟು ತಿಂಗಳ ಹೊತ್ತಿಗೆ ಬಹುತೇಕ ಇಲ್ಲವಾಗುತ್ತದೆ. ಚರ್ಮದ ಉಂಗುರಗಳೂ ಅದರ ಜೊತೆಗೇ ಹೋಗುತ್ತವೆ. ಬಿಸಿಲಿನಲ್ಲಿರುವ ಅತಿನೇರಳೆ ಕಿರಣ ಈ ಕಲೆಗಳನ್ನು ಕೆರಳಿಸುತ್ತದೆ. ಕಾಮಾಲೆಯ ಬೆಳಕು ಚಿಕಿತ್ಸೆಯ ನಂತರ ಕಲೆಗಳು ಕಾಣಿಸಿಕೊಂಡ ಉದಾಹರಣೆಗಳೂ ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ಇದನ್ನು ಓದಿ ಯಾರೂ ಕಾಮಾಲೆಯ ಬೆಳಕನ್ನು ಬೇಡವೆನ್ನಬಾರದು, ಕಾಮಾಲೆ ಮಿತಿಮೀರಿದರೆ ಮಗುವಿನ ಮೆದುಳಿಗೇ ಹಾನಿಯಾಗುತ್ತದೆ. ಆದರೆ ದಿನವೂ ಎಳೆಬಿಸಿಲು ಕಾಯಿಸುತ್ತಿದ್ದ ನನಗೆ, ಮಗುವಿನ ಮುಖ ದಿನದಿಂದ ದಿನಕ್ಕೆ ಏಕೆ ಕೆಂಪಾಗುತ್ತಿತ್ತು ಎಂಬುದು ಆ ಕಾಗದದ ಚಿತ್ರ ನೋಡಿದಾಗ ಅರ್ಥವಾಯಿತು. ಚಿಕಿತ್ಸೆ ಎಂದು ನಮಗೆ ಹೇಳಿದ್ದು ಬಿಸಿಲಿನಿಂದ ದೂರವಿಡುವುದು, ಕೆಲವು ದಿನ ಮಾತ್ರ ಸೌಮ್ಯವಾದ ಹೈಡ್ರೊಕಾರ್ಟಿಸೋನ್ ಹಚ್ಚುವುದು, ಮತ್ತು ಎದೆಹಾಲನ್ನು ಮರುದಿನದಿಂದಲೇ ಮುಂದುವರಿಸುವುದು, ಇಷ್ಟೇ.

ಇಷ್ಟೇ ಆಗಿದ್ದರೆ ನಾನು ತಮಗೆ ಬರೆಯುತ್ತಿರಲಿಲ್ಲ. ಇದೇ ಪ್ರತಿಕಾಯ ಗರ್ಭದೊಳಗಿನ ಮಗುವಿನ ಹೃದಯದಲ್ಲಿ ಮಿಡಿತದ ಸಂಕೇತವನ್ನು ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಒಯ್ಯುವ ಅಂಗಾಂಶವನ್ನು ಗಾಯಗೊಳಿಸಬಲ್ಲದು. ಹೀಗಾಗುವುದು ಹೆಚ್ಚಾಗಿ ಗರ್ಭದ 18ರಿಂದ 24ನೆಯ ವಾರದ ನಡುವೆ. ನಿಮಿಷಕ್ಕೆ 110ರಿಂದ 160 ಬಾರಿ ಮಿಡಿಯಬೇಕಾದ ಹೃದಯ 50, 60, 70ಕ್ಕೆ ಇಳಿಯುತ್ತದೆ. ಮಿಡಿತದ ಸಂಕೇತ ಹೀಗೆ ತಡೆಯಾಗುವುದಕ್ಕೆ ಹಾರ್ಟ್ ಬ್ಲಾಕ್ ಎನ್ನುತ್ತಾರೆ. ಪೂರ್ಣ ಹಾರ್ಟ್ ಬ್ಲಾಕ್ ಒಮ್ಮೆ ಆದರೆ ಅದು ಹಿಂದೆ ಸರಿಯುವುದಿಲ್ಲ. ಚರ್ಮದ ಗಾಯ ಮಾಯುತ್ತದೆ, ಈ ಗಾಯ ಕಲೆಗಟ್ಟಿ ಜೀವನಪೂರ್ತಿ ಉಳಿಯುತ್ತದೆ. ಅಂಥ ಮಕ್ಕಳಲ್ಲಿ ಸುಮಾರು ಐವರಲ್ಲಿ ಒಬ್ಬರು ಗರ್ಭದಲ್ಲಿಯೋ ಹುಟ್ಟಿದ ಮೊದಲ ತಿಂಗಳುಗಳಲ್ಲಿಯೋ ತೀರಿಕೊಳ್ಳುತ್ತಾರೆ. ಬದುಕಿ ಉಳಿದವರಲ್ಲಿ ಹೆಚ್ಚಿನವರಿಗೆ ಪೇಸ್‌ಮೇಕರ್ ಬೇಕಾಗುತ್ತದೆ. ಆ್ಯಂಟಿ ರೋ ಇರುವ ನೂರು ತಾಯಂದಿರಲ್ಲಿ ಒಬ್ಬಿಬ್ಬರ ಮಗುವಿಗೆ ಮಾತ್ರ ಹೀಗಾಗುತ್ತದೆ ಎಂಬುದು ಸಮಾಧಾನದ ಸಂಗತಿ. ಆದರೆ ಹಾರ್ಟ್ ಬ್ಲಾಕ್ ಇರುವ ಒಂದು ಮಗುವನ್ನು ಹೆತ್ತ ತಾಯಿಗೆ ಮುಂದಿನ ಗರ್ಭದಲ್ಲಿ ಆ ಸಂಭವ ನೂರರಲ್ಲಿ 15ರಿಂದ 20ಕ್ಕೆ ಏರುತ್ತದೆ. ನನ್ನ ಮಗಳ ಹಾಗೆ ಚರ್ಮದ ಲೂಪಸ್ ಇದ್ದ ಮಗುವನ್ನು ಹೆತ್ತವರಿಗೂ ಅಪಾಯ ಮೊದಲಿನಷ್ಟು ಕಡಿಮೆಯಾಗಿ ಉಳಿಯುವುದಿಲ್ಲ. ಇಂಥ ತಾಯಂದಿರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೆರಿಗೆಯ ಹೊತ್ತಿನಲ್ಲಿ ತಮಗೊಂದು ಕಾಯಿಲೆಯ ಬೀಜ ಇದೆ ಎಂಬ ಅರಿವೇ ಇರುವುದಿಲ್ಲ. ಅವರಿಗೆ ಅದನ್ನು ಮೊದಲು ತಿಳಿಸುವುದು ಮಗುವಿನ ಮುಖ. ಮುಂದೆ ವರ್ಷಗಳ ನಂತರ ಅವರಲ್ಲಿ ಅನೇಕರಿಗೆ ಲೂಪಸ್ ಅಥವಾ ಕಣ್ಣು ಬಾಯಿ ಒಣಗಿಸುವ ಶೋಗ್ರೆನ್ ಕಾಯಿಲೆ ಕಾಣಿಸಿಕೊಳ್ಳುತ್ತದೆ.

ಈಗ ಇದಕ್ಕೆ ಮಾಡಬಹುದಾದದ್ದೂ ಇದೆ ಎಂಬುದರಿಂದಲೇ ನನ್ನ ಮನವಿಗೆ ಬಲ ಬರುತ್ತದೆ. 2020ರಲ್ಲಿ ಕೊರೊನಾ ಹೆಸರಿನಲ್ಲಿ ಮನೆಮಾತಾದ, ಆ ಗದ್ದಲದಲ್ಲಿ ನಿಜವಾಗಿ ಬೇಕಾಗಿದ್ದ ಲೂಪಸ್ ರೋಗಿಗಳಿಗೇ ಸಿಗದೆಹೋದ ಹೈಡ್ರಾಕ್ಸಿಕ್ಲೋರೊಕ್ವಿನ್ ಮಾತ್ರೆಯ ಬಗ್ಗೆ ಅದೇ ವರ್ಷ ಒಂದು ಮುಖ್ಯವಾದ ಅಧ್ಯಯನ ಪ್ರಕಟವಾಯಿತು. ಹಿಂದೆ ಹಾರ್ಟ್ ಬ್ಲಾಕ್ ಮಗುವನ್ನು ಹೆತ್ತಿದ್ದ ತಾಯಂದಿರು ಗರ್ಭದ ಹತ್ತನೆಯ ವಾರ ಮುಗಿಯುವುದರೊಳಗೆ ದಿನಕ್ಕೆ 400 ಮಿಲಿಗ್ರಾಂ ತೆಗೆದುಕೊಳ್ಳಲು ಆರಂಭಿಸಿದಾಗ, ಸುಮಾರು 18 ಪ್ರತಿಶತ ಇರುತ್ತಿದ್ದ ಮರುಕಳಿಕೆ 7.4 ಪ್ರತಿಶತಕ್ಕೆ ಇಳಿಯಿತು. ಹತ್ತನೆಯ ವಾರ ಎಂಬ ಮಾತನ್ನು ತಾವು ಗಮನಿಸಬೇಕು. ನಮ್ಮ ಅನೇಕ ಹೆಣ್ಣುಮಕ್ಕಳು ತಾಯಿ ಕಾರ್ಡ್ ಮಾಡಿಸಿಕೊಳ್ಳುವುದೇ ಆ ಹೊತ್ತಿಗೆ. ಅಷ್ಟರಲ್ಲಿ ಹಿಂದಿನ ಮಗುವಿನ ಮುಖದ ಮೇಲಿದ್ದ ಉಂಗುರಗಳ ಸುದ್ದಿ ವೈದ್ಯರ ಕಿವಿಗೆ ಬೀಳಬೇಕಾದರೆ ಅದು ಯಾವುದಾದರೂ ಕಾಗದದ ಮೇಲೆ ಇರಲೇಬೇಕು.

ನಮ್ಮ ಕರಾವಳಿಯ ಬದುಕಿನ ಕ್ರಮವೇ ಈ ಸುದ್ದಿ ಕಳೆದುಹೋಗಲು ಅನುವು ಮಾಡಿಕೊಡುವಂತಿದೆ. ಮದುವೆಯಾದ ಹುಡುಗಿ ಮುಂಬೈ, ಬೆಂಗಳೂರು, ದುಬೈ ಎಂದು ಎಲ್ಲಿಯೋ ಇರುತ್ತಾಳೆ. ಮೊದಲ ತಿಂಗಳುಗಳ ತಪಾಸಣೆ ಅಲ್ಲಿ ಆಗುತ್ತದೆ, ಸೀಮಂತ ಮುಗಿಸಿ ತವರಿಗೆ ಬರುತ್ತಾಳೆ, ಹೆರಿಗೆ ಉಡುಪಿಯಲ್ಲೋ ಮಂಗಳೂರಿನಲ್ಲೋ ಆಗುತ್ತದೆ, ಮೂರು ತಿಂಗಳ ಬಾಣಂತನ ಮುಗಿಸಿ ಮಗುವನ್ನೆತ್ತಿಕೊಂಡು ಹಿಂತಿರುಗುತ್ತಾಳೆ. ಉಂಗುರಗಳು ಕಂಡದ್ದು ಇಲ್ಲಿ, ಮಾಸಿದ್ದು ಅಲ್ಲಿ. ಎರಡನೆಯ ಬಾರಿ ಗರ್ಭ ಧರಿಸಿದಾಗ ಅಲ್ಲಿನ ವೈದ್ಯರು ಮೊದಲ ಹೆರಿಗೆ ಹೇಗಾಯಿತೆಂದು ಕೇಳುತ್ತಾರೆ, ನಾರ್ಮಲ್ ಎಂದು ಇವಳು ಹೇಳುತ್ತಾಳೆ, ಹೇಳಿದ್ದು ಸುಳ್ಳೂ ಅಲ್ಲ. ಮಗುವಿಗೆ ಒಂದು ತಿಂಗಳಲ್ಲಿ ಮುಖದ ಮೇಲೆ ಏನೋ ಎದ್ದಿತ್ತು, ಎಣ್ಣೆ ಹಚ್ಚಿ ಹೋಯಿತು ಎಂಬುದನ್ನು ಪ್ರಸೂತಿ ವೈದ್ಯರಿಗೆ ಹೇಳಬೇಕೆಂದು ಯಾರಿಗೆ ತಾನೆ ಹೊಳೆಯುತ್ತದೆ?

ತಾಯಿ ಕಾರ್ಡಿನಲ್ಲಿ ರಕ್ತದ ಗುಂಪಿಗೆ ಜಾಗವಿದೆ. ತಾಯಿ ಆರ್‌ಎಚ್ ನೆಗೆಟಿವ್ ಆಗಿದ್ದರೆ ಅದನ್ನು ಕೆಂಪು ಶಾಯಿಯಲ್ಲಿ ಬರೆದು ಎಚ್ಚರಿಸುವ ಅಭ್ಯಾಸವನ್ನು ನಮ್ಮ ದಾದಿಯರು ಬಹಳ ಹಿಂದಿನಿಂದ ಪಾಲಿಸುತ್ತಾ ಬಂದಿದ್ದಾರೆ. ಅದೂ ತಾಯಿಯ ಪ್ರತಿಕಾಯ ಮಗುವನ್ನು ನೋಯಿಸುವ ಸಂಗತಿಯೇ, ಅಲ್ಲಿಯೂ ಅಪಾಯ ಹೆಚ್ಚುವುದು ಎರಡನೆಯ ಮಗುವಿಗೇ. ಹಾಗಾದರೆ ಈ ಜಾಣ್ಮೆ ನಮ್ಮ ವ್ಯವಸ್ಥೆಗೆ ಹೊಸತೇನಲ್ಲ. ತಾಯಿಗೆ ಲೂಪಸ್, ಶೋಗ್ರೆನ್, ಚರ್ಮದಲ್ಲೂ ಬಾಯಲ್ಲೂ ಗುಳ್ಳೆ ಏಳಿಸುವ ಪೆಂಫಿಗಸ್ ಮುಂತಾದ ಆಟೊಇಮ್ಯೂನ್ ಕಾಯಿಲೆ ಇದೆಯೇ, ಹಿಂದಿನ ಮಗುವಿಗೆ ಹುಟ್ಟಿದ ಮೊದಲ ಎರಡು ತಿಂಗಳಲ್ಲಿ ಉಂಗುರದಂಥ ಕಲೆ ಅಥವಾ ನೀರುಗುಳ್ಳೆ ಕಂಡಿತ್ತೇ, ಮಗುವಿನ ಹೃದಯದ ಬಡಿತ ನಿಧಾನವಾಗಿತ್ತೇ ಎಂದು ಕೇಳಿ ಬರೆಯಲು ಅದೇ ಕಾರ್ಡಿನಲ್ಲಿ ಒಂದು ಸಾಲು ಸೇರಿಸಬೇಕು ಎಂಬುದು ನನ್ನ ಮುಖ್ಯ ಬೇಡಿಕೆ. ಕಾರ್ಡಿನ ನಮೂನೆ ಬದಲಾಯಿಸುವುದು ಜಿಲ್ಲೆಯ ಅಧಿಕಾರದಲ್ಲಿ ಇಲ್ಲದಿರಬಹುದು. ಆದರೆ ಕಾರ್ಡಿನ ಮೇಲೆ ಒತ್ತುವ ರಬ್ಬರ್ ಮೊಹರು ಮಾಡಿಸಲು ರಾಜಧಾನಿಯ ಒಪ್ಪಿಗೆಗೆ ಕಾಯಬೇಕಾಗಿಲ್ಲ ಎಂದು ನಾನು ನಂಬಿದ್ದೇನೆ.

ನೀರುಗುಳ್ಳೆಗಳ ಮಾತು ಬಂದದ್ದರಿಂದ ಇನ್ನೊಬ್ಬ ತಾಯಿಯ ವಿಷಯ ಹೇಳಲೇಬೇಕು. ಮಂಗಳೂರಿನಲ್ಲಿ ಸರದಿಗೆ ಕಾದು ಕುಳಿತಿದ್ದಾಗ ಪಕ್ಕದ ಬೆಂಚಿನಲ್ಲಿ ಎಂಟು ತಿಂಗಳ ಗರ್ಭಿಣಿಯೊಬ್ಬರಿದ್ದರು. ಹೊಕ್ಕುಳಿನ ಸುತ್ತ ತುರಿಕೆಯಾಗಿ ಆರಂಭವಾದದ್ದು ಕೈಕಾಲಿಗೆಲ್ಲ ಹರಡಿ ದೊಡ್ಡ ದೊಡ್ಡ ಬೊಕ್ಕೆಗಳಾಗಿದ್ದವು. ಅವರಿಗಿದ್ದದ್ದು ಪೆಂಫಿಗಾಯ್ಡ್ ಜೆಸ್ಟೇಷನಿಸ್. ಹತ್ತಾರು ಸಾವಿರ ಗರ್ಭಿಣಿಯರಲ್ಲಿ ಒಬ್ಬರಿಗೆ ಬರುವ, ಚರ್ಮದ ಮೇಲ್ಪದರವನ್ನು ಕೆಳಗಿನ ಪದರಕ್ಕೆ ಹಿಡಿದಿಡುವ ಪ್ರೋಟೀನಿನ ಮೇಲೆ ದೇಹವೇ ಮುನಿಯುವ ಕಾಯಿಲೆ ಅದು. ಅದರ ಹಳೆಯ ಹೆಸರಿನಲ್ಲಿ ಹರ್ಪಿಸ್ ಎಂಬ ಪದವಿದೆ, ಹರ್ಪಿಸ್ ವೈರಸ್ಸಿಗೂ ಅದಕ್ಕೂ ಏನೇನೂ ಸಂಬಂಧವಿಲ್ಲ. ಯಾರೋ ಚೀಟಿಯಲ್ಲಿ ಆ ಹಳೆಯ ಹೆಸರು ಬರೆದಿದ್ದರು, ಅದನ್ನು ಯಾರೋ ಮೊಬೈಲಿನಲ್ಲಿ ಹುಡುಕಿದ್ದರು, ಮನೆಯಲ್ಲಿ ಆಕೆಯ ತಟ್ಟೆ ಲೋಟ ಬೇರೆಯಾಗಿತ್ತು, ಗಂಡ ಹೆಂಡತಿಯ ನಡುವೆ ಮಾತು ನಿಂತಿತ್ತು. ಇಂಥ ತಾಯಂದಿರ ಮಕ್ಕಳಲ್ಲಿ ನೂರಕ್ಕೆ ಐದರಿಂದ ಹತ್ತು ಮಂದಿ ಕೆಲವು ಗುಳ್ಳೆಗಳೊಂದಿಗೆ ಹುಟ್ಟುತ್ತಾರೆ ಮತ್ತು ಕೆಲವೇ ವಾರಗಳಲ್ಲಿ ತಾವಾಗಿಯೇ ಗುಣವಾಗುತ್ತಾರೆ. ಆದರೆ ಅವಧಿಗೆ ಮೊದಲೇ ಹೆರಿಗೆಯಾಗುವ ಮತ್ತು ತೂಕ ಕಡಿಮೆಯಾಗುವ ಸಾಧ್ಯತೆ ಇರುವುದರಿಂದ ಗರ್ಭದಲ್ಲಿರುವಾಗಲೇ ಮಗುವಿನ ಬೆಳವಣಿಗೆಯನ್ನು ಗಮನಿಸಬೇಕಾಗುತ್ತದೆ.

ಪೆಂಫಿಗಸ್ ವಲ್ಗ್ಯಾರಿಸ್ ಇರುವ ತಾಯಿಯ ಮಗುವಿಗೂ ಹುಟ್ಟುವಾಗಲೇ ಚರ್ಮ ಸುಲಿದ ಹುಣ್ಣುಗಳಿರಬಹುದು, ಅವೂ ವಾರಗಳಲ್ಲಿ ಮಾಯುತ್ತವೆ. ಈ ಕಾಯಿಲೆಯ ಚಿಕಿತ್ಸೆಯಲ್ಲಿ ನಮ್ಮ ದೇಶದ ಕೊಡುಗೆ ಸಣ್ಣದಲ್ಲ. ದೆಹಲಿಯ ಏಮ್ಸ್‌ನಲ್ಲಿ ಡಾ. ಜೆ. ಎಸ್. ಪಸ್ರಿಚಾ ಅವರು 1980ರ ದಶಕದಲ್ಲಿ ರೂಪಿಸಿದ, ಸ್ಟೀರಾಯ್ಡನ್ನು ತಿಂಗಳಿಗೊಮ್ಮೆ ಕೆಲವು ದಿನ ಮಾತ್ರ ದೊಡ್ಡ ಪ್ರಮಾಣದಲ್ಲಿ ಕೊಡುವ ಪಲ್ಸ್ ಚಿಕಿತ್ಸೆ ಸಾವಿರಾರು ರೋಗಿಗಳನ್ನು ಉಳಿಸಿದೆ. ಹೆರಿಗೆ ಕೋಣೆಯಲ್ಲಿ ಮಾತ್ರ, ಗುಳ್ಳೆಯಿರುವ ಮಗುವನ್ನು ಕಂಡ ಕೂಡಲೇ ಸೋಂಕು ಎಂದು ತಾಯಿಯಿಂದ ಬೇರೆ ಮಾಡುವುದೇ ಮೊದಲ ಕೆಲಸವಾಗುತ್ತದೆ. ಸೋಂಕನ್ನು ಸಂಶಯಿಸುವುದು ತಪ್ಪಲ್ಲ. ಕೀವುಗುಳ್ಳೆ, ಹರ್ಪಿಸ್, ಹುಟ್ಟಿನಿಂದ ಬರುವ ಸಿಫಿಲಿಸ್, ಇವೆಲ್ಲ ತಡಮಾಡಿದರೆ ಪ್ರಾಣಕ್ಕೇ ಎರವಾಗುವಂಥವು, ಅವುಗಳ ಪರೀಕ್ಷೆ ಮೊದಲು ನಡೆಯಲೇಬೇಕು. ಅದರ ಜೊತೆಯಲ್ಲಿ ಒಂದು ನಿಮಿಷ ತಾಯಿಯ ಬಾಯಿ ತೆರೆಸಿ ಹುಣ್ಣಿದೆಯೇ ಎಂದು ನೋಡುವುದಕ್ಕೆ, ಅವಳ ಹೊಟ್ಟೆಯ ಚರ್ಮ ನೋಡುವುದಕ್ಕೆ ಯಾವ ಯಂತ್ರವೂ ಬೇಡ.

ಎಲ್ಲ ಗರ್ಭಿಣಿಯರಿಗೂ ಆ್ಯಂಟಿ ರೋ ಪರೀಕ್ಷೆ ಮಾಡಿಸಿ ಎಂದು ನಾನು ಕೇಳುತ್ತಿಲ್ಲ. ತಜ್ಞರೂ ಹಾಗೆ ಹೇಳುವುದಿಲ್ಲ, ಬೇಕಿಲ್ಲದವರಲ್ಲಿ ಭಯ ಹುಟ್ಟಿಸುವುದರಿಂದ ಪ್ರಯೋಜನವೂ ಇಲ್ಲ. ಕಾಯಿಲೆ ಇದೆಯೆಂದು ಗೊತ್ತಿರುವವರಿಗೆ, ಅದರ ಲಕ್ಷಣ ಇರುವವರಿಗೆ, ಮತ್ತು ಹಿಂದಿನ ಮಗುವಿನಲ್ಲಿ ಗುರುತು ಕಂಡವರಿಗೆ ಮಾಡಿಸಿದರೆ ಸಾಕು. ಇಂಥ ಕಾಯಿಲೆಗಳಿಗೆ ಮೊದಲು ಮಾಡುವ ಎಎನ್‌ಎ ಎಂಬ ಸಾಮಾನ್ಯ ರಕ್ತಪರೀಕ್ಷೆ ನೆಗೆಟಿವ್ ಬಂದರೂ ಆ್ಯಂಟಿ ರೋ ಇರಬಹುದಾದ್ದರಿಂದ ಇದನ್ನು ಹೆಸರಿಟ್ಟೇ ಕೇಳಬೇಕಾಗುತ್ತದೆ. 2011ರಲ್ಲಿ ಆರಂಭವಾಗಿ, ಆಮೇಲೆ ಒಂದು ವರ್ಷದೊಳಗಿನ ಕಾಯಿಲೆಯ ಮಕ್ಕಳಿಗೂ ವಿಸ್ತರಿಸಿದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಗೆ ಬರುವ ಗರ್ಭಿಣಿಗೂ ಶಿಶುವಿಗೂ ಪರೀಕ್ಷೆಗಳು ಉಚಿತ. ಈ ಪರೀಕ್ಷೆ ಜಿಲ್ಲೆಯ ಸರ್ಕಾರಿ ಪ್ರಯೋಗಾಲಯದಲ್ಲಿ ಆಗದಿದ್ದರೆ ಮಾದರಿಯನ್ನು ಮಣಿಪಾಲಕ್ಕೋ ಮಂಗಳೂರಿಗೋ ಕಳುಹಿಸುವ ಏರ್ಪಾಡು ಆಗಲಿ. ನಮಗೆ ಕಾರಿತ್ತು, ಪಿಂಚಣಿಯಿತ್ತು, ಮಂಗಳೂರಿಗೆ ಹೋಗಿಬಂದೆವು. ಹೆಬ್ರಿಯ ಕಾಡಂಚಿನ ಮನೆಯಿಂದಲೋ ಬೈಂದೂರಿನ ಮೀನುಗಾರರ ಕೇರಿಯಿಂದಲೋ ಹಸಿ ಬಾಣಂತಿಯನ್ನು ಎರಡು ಬಸ್ ಬದಲಾಯಿಸಿ ಕರೆತರಬೇಕಾದವರು ಮೆಡಿಕಲ್ ಶಾಪಿನ ಟ್ಯೂಬಿಗೇ ನಿಂತುಬಿಡುತ್ತಾರೆ.

ಆಶಾ ಕಾರ್ಯಕರ್ತೆಯರ ಬಗ್ಗೆ ನನ್ನದು ದೂರಲ್ಲ, ಭರವಸೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮಗುವನ್ನು ನೋಡಲು ಅವರು 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಬರುತ್ತಾರೆ. ನವಜಾತ ಲೂಪಸ್ಸಿನ ಉಂಗುರಗಳು ಹೆಚ್ಚಾಗಿ ಮೇಲೆ ಬರುವುದು ಈ ಕೊನೆಯ ಭೇಟಿಗಳ ಹೊತ್ತಿಗೇ. ಆರನೆಯ ವಾರಕ್ಕೆ ಲಸಿಕೆಗೆಂದು ಪ್ರತಿಯೊಂದು ಮಗುವೂ ಬಂದೇ ಬರುತ್ತದೆ. ಅಂದರೆ ಕಾಯಿಲೆ ಮುಖದ ಮೇಲೆ ಎದ್ದು ಕಾಣುವ ದಿನಗಳಲ್ಲೇ ಇಲಾಖೆಯ ಕಣ್ಣು ಆ ಮಗುವಿನ ಮೇಲಿರುತ್ತದೆ. ನಮ್ಮ ಮನೆಗೆ ಬಂದ ಆಶಾ ಕಾರ್ಯಕರ್ತೆ ನನ್ನದೇ ಹಳೆಯ ವಿದ್ಯಾರ್ಥಿನಿ. "ಟೀಚರೇ, ಕೀವುಗುಳ್ಳೆ ಇದ್ದರೆ ಬರೆಯಬೇಕೆಂದು ನಮಗೆ ಕಲಿಸಿದ್ದಾರೆ, ಇದು ಕೀವಲ್ಲವಲ್ಲ, ಯಾವ ಕಾಲಂನಲ್ಲಿ ಬರೆಯಲಿ?" ಎಂದು ಅವಳು ಕೇಳಿದ್ದಳು. ಅವಳ ಕಣ್ಣಿಗೆ ಬಿದ್ದಿತ್ತು, ಬರೆಯಲು ಜಾಗವಿರಲಿಲ್ಲ. ಕಣ್ಣಿನ ಸುತ್ತಲಿನ ಉಂಗುರದ, ಗುಳ್ಳೆಯ ನಾಲ್ಕು ಬಣ್ಣದ ಚಿತ್ರಗಳನ್ನು ಕನ್ನಡದ ವಿವರಣೆಯೊಂದಿಗೆ ಅವರ ಕೈಗೆ ಕೊಟ್ಟು, ಕಂಡರೆ ತಾಯಿ ಮಗು ಇಬ್ಬರನ್ನೂ ಕಳುಹಿಸಿ, ಮುಲಾಮು ಹಚ್ಚಬೇಡಿ, ಬಿಸಿಲಿಗೆ ಹಿಡಿಯಬೇಡಿ, ಹಾಲು ನಿಲ್ಲಿಸಬೇಡಿ ಎಂದು ಕಲಿಸಲು ಒಂದು ಮಧ್ಯಾಹ್ನದ ಸಭೆ ಸಾಕು. ಕಳುಹಿಸಿದ ಮಗುವಿಗೆ ಇಸಿಜಿ ಆಗಲೇಬೇಕು.

ಉಪಕೇಂದ್ರದಲ್ಲಿ ಹೊಟ್ಟೆಯ ಮೇಲೆ ಯಂತ್ರವಿಟ್ಟು ಮಗುವಿನ ಬಡಿತ ಎಣಿಸುವ ದಾದಿಯರಿಗೂ ಒಂದು ಮಾತು ತಲುಪಬೇಕು. ಬಡಿತ 110ಕ್ಕಿಂತ ಕಡಿಮೆ ನಿಂತೇ ಇದ್ದರೆ, ತಾಯಿಗೆ ಯಾವ ತೊಂದರೆ ಇಲ್ಲದಿದ್ದರೂ, ಮುಂದಿನ ತಿಂಗಳು ನೋಡೋಣ ಎಂದು ಕಳುಹಿಸದೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಕಳುಹಿಸಬೇಕು. ಪ್ರತಿ ತಿಂಗಳ 9ರಂದು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆ ಹೇಗೂ ನಡೆಯುತ್ತದೆ. ಲೂಪಸ್ ಇರುವ ಗರ್ಭಿಣಿ ಅಲ್ಲಿಗೆ ಬಂದಾಗ, ಗರ್ಭಕ್ಕೆ ಹಾನಿಯೆಂಬ ಭಯದಿಂದ ಹೈಡ್ರಾಕ್ಸಿಕ್ಲೋರೊಕ್ವಿನ್ ಬಿಟ್ಟುಬಿಟ್ಟಿದ್ದಾಳೆಯೇ ಎಂದು ಕೇಳುವ ಒಬ್ಬರಾದರೂ ಇರಲಿ. ಗರ್ಭದಲ್ಲಿ ಮುಂದುವರಿಸಬಹುದಾದ, ಮುಂದುವರಿಸಬೇಕಾದ ಮದ್ದು ಅದು.

ಈ ಕಾಯಿಲೆಯ ಚರ್ಮದ ಲಕ್ಷಣಗಳನ್ನು ಅಮೆರಿಕದ ವೈದ್ಯರು ಮೊದಲು ವರದಿ ಮಾಡಿದ್ದು 1954ರಲ್ಲಿ. ಅಂದಿನಿಂದ ಎಪ್ಪತ್ತು ವರ್ಷಗಳು ಕಳೆದಿವೆ. ಆ ವರದಿಯ ಹಿಂದಿನ ವರ್ಷ, 1953ರಲ್ಲಿ, ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜು ಆರಂಭವಾಗಿತ್ತು. ಆಸ್ಪತ್ರೆಗಳಿಗೆ, ಓದಿದ ವೈದ್ಯರಿಗೆ ಕೊರತೆಯಿಲ್ಲದ ಊರು ನಮ್ಮದು ಎಂದು ಎದೆತಟ್ಟಿ ಹೇಳಿಕೊಳ್ಳುವ ಜಿಲ್ಲೆಯಲ್ಲಿ, ಆ ವಿದ್ಯೆಗೂ ಅಂಗಳದ ಎಳೆಬಿಸಿಲಿನಲ್ಲಿ ಮಗುವನ್ನು ಹಿಡಿದು ಕುಳಿತ ಅಜ್ಜಿಗೂ ನಡುವಿನ ಹಾದಿ ಇನ್ನೂ ಇಷ್ಟು ದೂರವಾಗಿದೆ ಎಂಬುದು ನನಗೆ ನೋವು ತರುತ್ತದೆ. ಓದು ಬರಹ ಬಲ್ಲ ನನ್ನಂಥವಳೇ ಮಗಳನ್ನು ನಂಜಿನ ಮಾತಿನಿಂದ ನೋಯಿಸಿದೆ. ತಾಯಿಯ ರಕ್ತದಿಂದ ಬಂದದ್ದು ಎಂದರೆ ತಾಯಿಯ ತಪ್ಪಿನಿಂದ ಬಂದದ್ದು ಎಂದು ಅರ್ಥವಲ್ಲ. ತಾವು ಅಚ್ಚು ಹಾಕಿಸುವ ಕರಪತ್ರದಲ್ಲಿ ಈ ವಾಕ್ಯ ಎಲ್ಲಕ್ಕಿಂತ ಮೇಲೆ ದಪ್ಪ ಅಕ್ಷರದಲ್ಲಿರಲಿ. ತುಳುವಿನಲ್ಲಿಯೂ ಅದನ್ನು ಹೇಳಿಸಿ, ಏಕೆಂದರೆ ಆ ಆರೋಪಗಳು ಮನೆಯೊಳಗೆ ಹುಟ್ಟುವುದು ತುಳುವಿನಲ್ಲಿ.

ಮಗಳು ಈಗ ಮತ್ತೆ ಗರ್ಭಿಣಿ, ಹದಿನೇಳನೆಯ ವಾರ ನಡೆಯುತ್ತಿದೆ. ಈ ಬಾರಿ ಮೊದಲ ತಿಂಗಳಿನಿಂದಲೇ ನಮ್ಮಲ್ಲಿದ್ದಾಳೆ, ಮಾತ್ರೆಯನ್ನು ಗರ್ಭ ನಿಲ್ಲುವ ಮೊದಲೇ ಶುರುಮಾಡಿದ್ದಾರೆ. ಪ್ರತಿ ಗುರುವಾರ ಮಣಿಪಾಲಕ್ಕೆ ಹೋಗಿ ಮಗುವಿನ ಹೃದಯದ ಎಕೊ ಮಾಡಿಸಿಕೊಂಡು ಬರುತ್ತೇವೆ, 26ನೆಯ ವಾರದವರೆಗೆ ಹೀಗೆಯೇ ಹೋಗಬೇಕು. ಪರದೆಯ ಮೇಲೆ ಮೊನ್ನೆ ಕಂಡ ಸಂಖ್ಯೆ 148. ಅವಳ ತಾಯಿ ಕಾರ್ಡಿನ ಅಂಚಿನಲ್ಲಿ ಆ್ಯಂಟಿ ರೋ ಪಾಸಿಟಿವ್, ಮೊದಲ ಮಗುವಿಗೆ ನವಜಾತ ಲೂಪಸ್ ಎಂದು ನಾನೇ ಕೆಂಪು ಪೆನ್ನಿನಲ್ಲಿ ಬರೆದಿದ್ದೇನೆ, ಕಾರ್ಡಿನಲ್ಲಿ ಅದಕ್ಕೆ ಬೇರೆ ಜಾಗವಿರಲಿಲ್ಲ. ತಾವು ಸಮಯ ಕೊಟ್ಟರೆ ಆ ಕಾರ್ಡನ್ನೂ, ಮೊಮ್ಮಗಳ ಆರನೆಯ ವಾರದ ಫೋಟೋಗಳನ್ನೂ ಹಿಡಿದುಕೊಂಡು ತಮ್ಮ ಕಚೇರಿಗೆ ಬರುತ್ತೇನೆ. ಆಶಾ ಕಾರ್ಯಕರ್ತೆಯರ ತರಬೇತಿಗೆ ಆ ಫೋಟೋಗಳನ್ನು ಬಳಸಿಕೊಳ್ಳಲು ಮಗಳು ಮತ್ತು ಅಳಿಯ ಇಬ್ಬರೂ ಒಪ್ಪಿದ್ದಾರೆ.

ತಮ್ಮ ವಿಶ್ವಾಸಿ,
ನಿವೃತ್ತ ಮುಖ್ಯೋಪಾಧ್ಯಾಯಿನಿ,
ಬ್ರಹ್ಮಾವರ